ಕಿಡಿ ಮತ್ತು ತರಗು: ಕೋಲಾರ ಸೀಮೆಯ ಅರಣ್ಯ ನಿರ್ವಹಣೆ, ಹವಾಮಾನ ಮತ್ತು ಕಾಡಿನ ಬೆಂಕಿ

ಕೋಲಾರ ಸೀಮೆಯಲ್ಲಿ ಮಾಘ ಮಾಸ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಬಂಡೆಗಳ ನಡುವಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳಲ್ಲಿ ಬೆಟ್ಟದ ಇಳಿಜಾರಿನಲ್ಲಿ ರಾತ್ರಿಯ ಹೊತ್ತು ಬೆಂಕಿಯ ಗೆರೆಯೊಂದು ಮೆಲ್ಲಗೆ ಮೇಲೇರುವುದು ಈ ಭಾಗದ ಜನರಿಗೆ ಹೊಸ ನೋಟವಲ್ಲ. ಕೋಲಾರ ನಗರಕ್ಕೆ ಅಂಟಿಕೊಂಡಿರುವ ಅಂತರಗಂಗೆಯ ಬೆಟ್ಟಸಾಲಿಗೆ ಬೆಂಕಿ ಬಿದ್ದ ಸುದ್ದಿ ಬೇಸಿಗೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ವರದಿಗಳಲ್ಲಿ ಸಾಮಾನ್ಯವಾಗಿ ಬರುವ ಪದವೊಂದಿದೆ: ‘ಕಿಡಿಗೇಡಿಗಳು’. ಕಿಡಿಗೇಡಿಗಳು ಬೆಂಕಿ ಹಚ್ಚಿದರು, ಇಷ್ಟು ಎಕರೆ ಸುಟ್ಟಿತು, ಸಿಬ್ಬಂದಿ ಹಸಿರು ಸೊಪ್ಪಿನಿಂದ ಬಡಿದು ಆರಿಸಿದರು ಎಂಬಲ್ಲಿಗೆ ವರದಿ ಮುಗಿಯುತ್ತದೆ.

ಈ ಪದ ಒಂದು ದೃಷ್ಟಿಕೋನವನ್ನು ಸೂಚಿಸುತ್ತದೆ. ಬೆಂಕಿಗೆ ಕಿಡಿಯೊಂದೇ ಸಾಲದು. ಉರಿಯುವ ವಸ್ತು ಬೇಕು, ಅದು ಒಣಗಿರಬೇಕು, ಗಾಳಿ ಬೇಕು. ಕಿಡಿ ಹಾಕಿದವನು ಯಾರೆಂದು ಕೇಳುವ ದಾಖಲೆಗಳು ತರಗನ್ನು ಒಟ್ಟಿದವರು ಯಾರೆಂದು ಕೇಳುವುದು ಅಪರೂಪ. ಆದರೆ ಚರಿತ್ರೆಯ ದೃಷ್ಟಿಯಿಂದ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಒಂದು ಗುಡ್ಡದ ಮೇಲೆ ಯಾವ ಗಿಡಮರ ಬೆಳೆಯಬೇಕು, ಅಲ್ಲಿಗೆ ಯಾರು ಹೋಗಬಹುದು, ಹುಲ್ಲನ್ನು ಯಾರು ಕೊಯ್ಯಬಹುದು, ದನ ಎಲ್ಲಿಯವರೆಗೆ ಮೇಯಬಹುದು ಎಂಬ ನಿರ್ಧಾರಗಳು ಸುಮಾರು ನೂರರವತ್ತು ವರ್ಷಗಳಿಂದ ಈ ಸೀಮೆಯಲ್ಲಿ ಹಲವು ಬಾರಿ ಬದಲಾಗಿವೆ. ಪ್ರತಿಯೊಂದು ಬದಲಾವಣೆಯೂ ನೆಲದ ಮೇಲೆ ಉಳಿಯುವ ತರಗಿನ ಪ್ರಮಾಣವನ್ನೂ ಗುಣವನ್ನೂ ಬದಲಿಸಿದೆ. ಈ ಚರಿತ್ರೆಯನ್ನು ಹಳೆಯ ಕೋಲಾರ ಜಿಲ್ಲೆಯ, ಅದರಲ್ಲಿಯೂ ಮಾಲೂರು, ಕೋಲಾರ, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಅವಲೋಕಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನೆಲ ಮತ್ತು ಹವೆ

ಕೋಲಾರ ಜಿಲ್ಲೆ ಮೈಸೂರು ಪ್ರಸ್ಥಭೂಮಿಯ ಪೂರ್ವದ ಅಂಚಿನಲ್ಲಿದೆ. ಬಹುಭಾಗ ಸಮುದ್ರ ಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿದ್ದು, ಅಲ್ಲಲ್ಲಿ ಬೆಣಚುಕಲ್ಲಿನ ಗುಡ್ಡಗಳು ಎದ್ದುನಿಂತಿವೆ. ವರ್ಷವಿಡೀ ಹರಿಯುವ ನದಿ ಇಲ್ಲಿ ಇಲ್ಲ. ಪಾಲಾರ್ ಈ ಸೀಮೆಯಲ್ಲಿಯೇ ಹುಟ್ಟಿದರೂ ಅದರ ನೀರನ್ನು ಹಿಡಿದಿಟ್ಟಿರುವುದು ಕೆರೆಗಳ ಸರಪಳಿ. ವಾರ್ಷಿಕ ಸರಾಸರಿ ಮಳೆ ಸುಮಾರು 700ರಿಂದ 750 ಮಿಲಿಮೀಟರ್. ಮುಂಗಾರು ಇಲ್ಲಿಗೆ ತಲುಪುವ ಹೊತ್ತಿಗೆ ಬಡವಾಗಿರುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಯೇ ಈ ಭಾಗದ ಮುಖ್ಯ ಆಧಾರ. ಡಿಸೆಂಬರ್ ಕಳೆದ ಮೇಲೆ ಏಪ್ರಿಲ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು.

ಇಂತಹ ಹವೆಯಲ್ಲಿ ಬೆಳೆಯುವುದು ಎಲೆ ಉದುರಿಸುವ ಒಣಕಾಡು ಮತ್ತು ಮುಳ್ಳಿನ ಕುರುಚಲು. ಜಾಲಿ, ಬಾರೆ, ಕಾರೆ, ಕವಳೆ, ಬಂದರೆ, ಸೀತಾಫಲ ಮೊದಲಾದವು ಗುಡ್ಡದ ಮೇಲೆಯೂ ಹೊಂಗೆ, ಬೇವು, ಹುಣಿಸೆ, ನೇರಳೆಗಳು ತಗ್ಗಿನಲ್ಲಿಯೂ ಕಾಣಸಿಗುತ್ತವೆ. ಚಳಿಗಾಲದ ಕೊನೆಗೆ ಮರಗಳು ಎಲೆ ಉದುರಿಸುತ್ತವೆ. ಅದೇ ವೇಳೆಗೆ ಹುಲ್ಲು ಒಣಗುತ್ತದೆ. ಅದರ ಬೆನ್ನಿಗೆ ಬಿಸಿಲು ಏರುತ್ತದೆ. ಹೀಗೆ ಇಂಧನವೂ ಒಣಹವೆಯೂ ಒಂದೇ ಕಾಲಕ್ಕೆ ಕೂಡಿಬರುವುದರಿಂದ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಅವಧಿ ಬೆಂಕಿಯ ಕಾಲವಾಗಿದೆ. ಸಿಡಿಲು ಬಡಿಯುವುದು ಸಾಮಾನ್ಯವಾಗಿ ಮಳೆಯ ಜೊತೆಗಾದ್ದರಿಂದ ಸಿಡಿಲಿನ ಬೆಂಕಿ ಇಲ್ಲಿ ಹರಡುವುದು ವಿರಳ. ಭಾರತದ ಬಹುಪಾಲು ಕಾಡಿನ ಬೆಂಕಿಗಳು ಮನುಷ್ಯನ ಕೈಯಿಂದಲೇ ಆರಂಭವಾಗುತ್ತವೆ ಎಂಬ ಅರಣ್ಯ ತಜ್ಞರ ಮಾತು ಈ ಸೀಮೆಗೂ ಅನ್ವಯಿಸುತ್ತದೆ.

ಮಳೆ ಮತ್ತು ಬೆಂಕಿಯ ಸಂಬಂಧ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಬರಗಾಲದ ವರ್ಷದಲ್ಲಿ ನೆಲ ಒಣಗಿರುತ್ತದೆ, ನಿಜ. ಆದರೆ ಹುಲ್ಲು ಬೆಳೆದಿರುವುದಿಲ್ಲ, ಬೆಳೆದಷ್ಟನ್ನೂ ದನಕರುಗಳು ಬಿಡುವುದಿಲ್ಲ. ಹುಲುಸಾದ ಮಳೆಗಾಲದ ಬೆನ್ನಿಗೆ ಒಣ ಹಿಂಗಾರು ಮತ್ತು ಬಿಸಿಲು ಬಂದರೆ ಅಪಾಯ ಹೆಚ್ಚು. ಆಳೆತ್ತರ ಬೆಳೆದ ಹುಲ್ಲು ಆಗ ಬೇಗನೆ ಒಣಗಿ ನಿಲ್ಲುತ್ತದೆ. ಕಾಡಿನಲ್ಲಿ ಹುಲ್ಲಿನ ಜೊತೆಗೆ ಮರಗಳ ಎಲೆ, ಸತ್ತ ಬಿದಿರು, ಒಣ ಪೊದೆ ಇದ್ದಲ್ಲಿ ಬರವೂ ಅಷ್ಟೇ ಅಪಾಯಕಾರಿ, ಏಕೆಂದರೆ ಅಲ್ಲಿ ಇಂಧನಕ್ಕೆ ಕೊರತೆಯಿಲ್ಲ, ತೇವಕ್ಕೆ ಮಾತ್ರ ಕೊರತೆ. ಹೀಗಾಗಿ ಹವಾಮಾನವು ಬೆಂಕಿಯ ಕಾಲವನ್ನು ಗೊತ್ತುಮಾಡುತ್ತದೆ. ಅದರ ಸ್ವರೂಪವನ್ನು ಗೊತ್ತುಮಾಡುವುದು ನೆಲದ ಮೇಲೆ ಏನನ್ನು ಬೆಳೆಯಲು ಬಿಡಲಾಗಿದೆ, ಏನನ್ನು ತೆಗೆಯಲಾಗಿದೆ ಎಂಬುದು.

ಗೋಮಾಳ, ಗುಂಡುತೋಪು ಮತ್ತು ಊರಿನ ಬಳಕೆ

ಈ ಸೀಮೆಯ ಪ್ರಾಚೀನತೆಗೆ ಶಾಸನಗಳೇ ಸಾಕ್ಷಿ. ಕುವಳಾಲವೆಂದು ಹೆಸರಾದ ಕೋಲಾರ ಗಂಗರ ರಾಜಧಾನಿಯಾಗಿತ್ತು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ ಈ ಜಿಲ್ಲೆಗೆ ಮೀಸಲಾಗಿದೆ. ತುರುಗೊಳ್ ಕಾಳಗದಲ್ಲಿ, ಎಂದರೆ ದನಗಳ ಅಪಹರಣವನ್ನು ತಡೆಯಲು ಹೋರಾಡಿ ಮಡಿದ ವೀರರ ಕಲ್ಲುಗಳು ಈ ಪ್ರದೇಶದಲ್ಲಿ ದೊರೆಯುತ್ತವೆ. ದನವೇ ಸಂಪತ್ತಾಗಿದ್ದ ಸಮಾಜದಲ್ಲಿ ಮೇವಿನ ನೆಲವೂ ಅಷ್ಟೇ ಬೆಲೆಯುಳ್ಳದ್ದಾಗಿತ್ತು ಎಂದು ಇದರಿಂದ ಊಹಿಸಬಹುದು. ಕೆರೆಯ ಹಿಂದಿನ ಬಯಲು, ಊರಿನ ಗೋಮಾಳ, ಗುಡ್ಡದ ಇಳಿಜಾರು ಇವೆಲ್ಲವೂ ಮೇವಿನ ವರ್ಷಚಕ್ರಕ್ಕೆ ಸೇರಿದ್ದವು.

ಕಾಡಿನ ಬೆಂಕಿಯೂ ಕನ್ನಡಿಗರಿಗೆ ಪರಿಚಿತವಾದುದೇ. ಹಳಗನ್ನಡದ ‘ಕಾಳ್ಗಿಚ್ಚು’ ಎಂಬ ಪದವೇ ಇದಕ್ಕೆ ನಿದರ್ಶನ. 10ನೆಯ ಶತಮಾನದ ಪಂಪಭಾರತದಲ್ಲಿ ಖಾಂಡವವನದ ದಹನದ ಪ್ರಸಂಗವಿದೆ. ಆದರೆ ಕಾವ್ಯದ ಮಹಾಗ್ನಿಗೂ ಊರಿನ ನಿತ್ಯ ಬಳಕೆಯ ಬೆಂಕಿಗೂ ಅಂತರವಿದೆ. ಮಳೆ ಬಿದ್ದೊಡನೆ ಹೊಸ ಚಿಗುರು ಬರಲೆಂದು ಒರಟಾದ ಹಳೆಯ ಹುಲ್ಲಿಗೆ ಕುರಿಗಾಹಿಗಳು ಬೆಂಕಿ ಇಡುವ ಪದ್ಧತಿ ದಕ್ಷಿಣ ಭಾರತದ ಒಣಪ್ರದೇಶಗಳಲ್ಲಿ ವ್ಯಾಪಕವಾಗಿತ್ತು. ಇದರ ಜೊತೆಗೆ ಹುಲ್ಲನ್ನು ಕೊಯ್ದು ಮನೆಗೆ ಹೊದಿಸುವುದು, ತರಗನ್ನು ಗುಡಿಸಿ ತಿಪ್ಪೆಗೆ ಹಾಕುವುದು, ಪುಳ್ಳೆ ಆರಿಸಿ ಒಲೆಗೆ ತರುವುದು, ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಸುವುದು ಮುಂತಾದ ಬಳಕೆಗಳಿದ್ದವು. ಊರಿನ ಹೊರವಲಯದ ಗುಂಡುತೋಪುಗಳು ನೆರಳು, ಹಣ್ಣು, ಸೊಪ್ಪುಗಳಿಗೆ ಆಸರೆಯಾಗಿದ್ದವು. ಈ ಬಳಕೆಗಳಲ್ಲಿ ಯಾವುದನ್ನೂ ಬೆಂಕಿಯ ತಡೆಗೆಂದು ರೂಪಿಸಿರಲಿಲ್ಲ. ಆದರೂ ಇವುಗಳ ಒಟ್ಟು ಪರಿಣಾಮವಾಗಿ ಬೇಸಿಗೆಯ ಹೊತ್ತಿಗೆ ನೆಲದ ಮೇಲೆ ಉಳಿಯುತ್ತಿದ್ದ ಒಣವಸ್ತು ಕಡಿಮೆಯಾಗಿತ್ತು ಎನ್ನಬಹುದು.

ಹಾಗೆಂದು ಆ ವ್ಯವಸ್ಥೆಯನ್ನು ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ಅತಿಯಾಗಿ ಮೇದ ಗುಡ್ಡದಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ವರ್ಷವರ್ಷವೂ ಸುಟ್ಟ ಗುಡ್ಡದಲ್ಲಿ ಸಸಿ ಮರವಾಗುವುದಿಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಅಂದು ಉರಿಯುವ ವಸ್ತುವಿಗೆ ಊರಿನಲ್ಲಿ ಬೆಲೆ ಇತ್ತು, ಅದನ್ನು ತೆಗೆಯುವ ಕೈಗಳೂ ಇದ್ದವು.

ರೈಲು, ಗಣಿ ಮತ್ತು ಅರಣ್ಯ ಇಲಾಖೆ

1864ನೆಯ ಇಸವಿ ಈ ಸೀಮೆಯ ಅರಣ್ಯ ಚರಿತ್ರೆಯಲ್ಲಿ ಮುಖ್ಯವಾದುದು. ಕಮಿಷನರ್ ಬೌರಿಂಗ್ ಅವರ ಆಡಳಿತದಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಅಸ್ತಿತ್ವಕ್ಕೆ ಬಂದುದು ಆ ವರ್ಷ. ಬೆಂಗಳೂರನ್ನು ಮದರಾಸಿಗೆ ಜೋಡಿಸುವ ಜೋಲಾರಪೇಟೆಯ ರೈಲುಮಾರ್ಗ ತೆರೆದುದೂ ಅದೇ ವರ್ಷದಲ್ಲಿ. ಆ ಮಾರ್ಗ ಮಾಲೂರು, ಟೇಕಲ್ ಮತ್ತು ಮುಂದೆ ಬೌರಿಂಗ್‌ಪೇಟೆಯೆಂದು ಹೆಸರಾದ ಇಂದಿನ ಬಂಗಾರಪೇಟೆಯ ಮೂಲಕ ಹಾದುಹೋಗುತ್ತದೆ. ಮದರಾಸು ರೈಲ್ವೆಯ ಎಂಜಿನ್‌ಗಳು ಆರಂಭದ ದಶಕಗಳಲ್ಲಿ ಬಹುಮಟ್ಟಿಗೆ ಸೌದೆಯನ್ನೇ ಅವಲಂಬಿಸಿದ್ದವು. ಹೀಗೆ ಕಾಡನ್ನು ಕಾಯುವ ಇಲಾಖೆ ಮತ್ತು ಕಾಡನ್ನು ಉರಿಸುವ ಯಂತ್ರ ಒಂದೇ ವರ್ಷ ಈ ಸೀಮೆಯನ್ನು ಪ್ರವೇಶಿಸಿದವು.

1875ರಲ್ಲಿ ಮೈಕೇಲ್ ಲವೆಲ್ ಎಂಬವನಿಗೆ ಚಿನ್ನ ಶೋಧನೆಯ ಹಕ್ಕು ದೊರೆಯಿತು. 1880ರ ದಶಕದಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯ ಆಡಳಿತದಲ್ಲಿ ಕೋಲಾರ ಚಿನ್ನದ ಗಣಿಗಳು ಬೆಳೆದವು. ಗಣಿಯ ನೀರೆತ್ತಲು, ಅದಿರನ್ನು ಮೇಲೆತ್ತಲು, ಪುಡಿಮಾಡಲು ಉಗಿಯಂತ್ರಗಳು ಬೇಕಾದವು. ಉಗಿಗೆ ಇಂಧನ ಬೇಕಾಯಿತು. ಸುರಂಗಗಳಿಗೆ ಆಧಾರವಾಗಿ ಮರ ಬೇಕಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ವಿದ್ಯುತ್ ಹರಿಸುವ ಸಾಹಸಕ್ಕೆ ಇಂಧನದ ವೆಚ್ಚವೂ ಒಂದು ಪ್ರೇರಣೆಯಾಗಿತ್ತು. ಆ ವಿದ್ಯುತ್ ಯೋಜನೆಯನ್ನು ತಂತ್ರಜ್ಞಾನದ ಚರಿತ್ರೆಯ ಭಾಗವಾಗಿ ನೋಡುವುದು ರೂಢಿ. ಅದು ಕೋಲಾರದ ಕುರುಚಲು ಕಾಡಿನ ಚರಿತ್ರೆಯ ಭಾಗವೂ ಹೌದು.

ಇದೇ ಅವಧಿಯಲ್ಲಿ ಬೆಂಕಿಯ ಕುರಿತಾದ ಸರ್ಕಾರಿ ನಿಲುವು ರೂಪುಗೊಂಡಿತು. 1864ರಲ್ಲಿ ಭಾರತದ ಪ್ರಥಮ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಕ್ ಬ್ರಾಂಡಿಸ್ ಕಾಡನ್ನು ಬೆಂಕಿಯಿಂದ ಸಂಪೂರ್ಣವಾಗಿ ರಕ್ಷಿಸುವುದನ್ನು ವೈಜ್ಞಾನಿಕ ಅರಣ್ಯ ನಿರ್ವಹಣೆಯ ಮುಖ್ಯ ಅಂಗವೆಂದು ಭಾವಿಸಿದ. ಮಧ್ಯಪ್ರಾಂತದ ಬೋರಿ ಅರಣ್ಯದಲ್ಲಿ 1860ರ ದಶಕದಲ್ಲಿ ನಡೆದ ಪ್ರಯೋಗ ಇದಕ್ಕೆ ಮಾದರಿಯಾಯಿತು. 1878ರ ಭಾರತೀಯ ಅರಣ್ಯ ಕಾಯಿದೆ ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವನ್ನಾಗಿಸಿತು. ಮೈಸೂರಿನಲ್ಲಿ ‘ರಾಜ್ಯ ಅರಣ್ಯ’, ‘ಜಿಲ್ಲಾ ಅರಣ್ಯ’ ಎಂಬ ವರ್ಗೀಕರಣ ಜಾರಿಗೆ ಬಂದು, 1900ರ ಅರಣ್ಯ ನಿಬಂಧನೆಯು ಈ ವ್ಯವಸ್ಥೆಗೆ ಗಟ್ಟಿಯಾದ ಕಾನೂನಿನ ರೂಪ ಕೊಟ್ಟಿತು. ಏಕೀಕರಣದ ನಂತರ 1963ರ ಕರ್ನಾಟಕ ಅರಣ್ಯ ಕಾಯಿದೆ ಅದೇ ಧೋರಣೆಯನ್ನು ಮುಂದುವರಿಸಿತು. ವನ್ಯಜೀವಿಧಾಮಗಳಲ್ಲಿ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರತ್ಯೇಕವಾಗಿ ನಿಷೇಧಿಸಿತು.

ಈ ನಿಲುವಿನ ಬಗೆಗೆ ಅರಣ್ಯಾಧಿಕಾರಿಗಳಲ್ಲಿಯೇ ಸಂದೇಹಗಳಿದ್ದವು ಎಂಬುದು ಗಮನಾರ್ಹ. ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿಯನ್ನು ಪೂರ್ಣವಾಗಿ ತಡೆದಲ್ಲಿ ತೇಗದ ಸಸಿಗಳು ಬರುತ್ತಿಲ್ಲವೆಂಬ ಅನುಭವದಿಂದ 20ನೆಯ ಶತಮಾನದ ಆರಂಭದಲ್ಲಿಯೇ ಕೆಲವೆಡೆ ರಕ್ಷಣೆಯನ್ನು ಸಡಿಲಿಸಲಾಯಿತು. ಅಮೆರಿಕದಲ್ಲಿ ಇದರ ವಿರುದ್ಧ ದಿಕ್ಕಿನ ಪ್ರಯೋಗ ನಡೆಯಿತು. 1910ರ ಭೀಕರ ಬೆಂಕಿಯ ನಂತರ ಅಲ್ಲಿನ ಅರಣ್ಯ ಸೇವೆ ಎಲ್ಲ ಬೆಂಕಿಯನ್ನೂ ಆರಿಸುವ ಹಾದಿ ಹಿಡಿಯಿತು. 1935ರಲ್ಲಿ, ಕಂಡ ಬೆಂಕಿಯನ್ನು ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕೆಂಬ ನೀತಿಯನ್ನು ಅಂಗೀಕರಿಸಿತು. ದಶಕಗಳ ಕಾಲ ಉರಿಯದೆ ಉಳಿದ ಒಣವಸ್ತು ಮುಂದಿನ ದೊಡ್ಡ ಬೆಂಕಿಗಳಿಗೆ ಆಹಾರವಾಯಿತೆಂಬುದನ್ನು ಅಲ್ಲಿನ ತಜ್ಞರೇ ಈಗ ಒಪ್ಪುತ್ತಾರೆ. ಕೋಲಾರದಂತಹ ಕುರುಚಲು ಪ್ರದೇಶದಲ್ಲಿ ತೇಗದ ಪ್ರಶ್ನೆ ಇರಲಿಲ್ಲ. ಇಲ್ಲಿ ಉಳಿದುದು ಕಾನೂನಿನ ಭಾಗ ಮಾತ್ರ: ಬೆಂಕಿಯೆಂದರೆ ಅಪರಾಧ, ಬೆಂಕಿ ಹಚ್ಚಿದವನು ಅಪರಾಧಿ.

ನೀಲಗಿರಿಯ ಆಗಮನ

ಸ್ವಾತಂತ್ರ್ಯಾನಂತರ ಈ ಸೀಮೆಯ ನೆಲದ ರೂಪವನ್ನೇ ಬದಲಿಸಿದ ಸಸ್ಯವೆಂದರೆ ನೀಲಗಿರಿ. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರ ವೇಳೆಗೆ, ನಂದಿಬೆಟ್ಟದಲ್ಲಿ ಮೊದಲ ನೀಲಗಿರಿ ಸಸಿಗಳನ್ನು ನೆಡಲಾಯಿತೆಂಬುದು ಅರಣ್ಯ ಸಾಹಿತ್ಯದಲ್ಲಿ ರೂಢವಾಗಿರುವ ಹೇಳಿಕೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಂದಿಬೆಟ್ಟ ಕೋಲಾರ ಜಿಲ್ಲೆಗೇ ಸೇರಿತ್ತು. ಅಲ್ಲಿ ಬೆಳೆದ ಮರಗಳ ಬೀಜದಿಂದ ಬಂದ ತಳಿ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದ ಒಣಪ್ರದೇಶಗಳಿಗೆಲ್ಲ ಹರಡಿತು. 1950ರ ದಶಕದಿಂದ ಸರ್ಕಾರಿ ನೆಡುತೋಪುಗಳಲ್ಲಿ ಅದಕ್ಕೆ ಪ್ರಾಶಸ್ತ್ಯ ದೊರೆಯಿತು. 1983ರ ಸುಮಾರಿಗೆ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ನೆರವಿನಿಂದ ಆರಂಭವಾದ ಸಾಮಾಜಿಕ ಅರಣ್ಯ ಯೋಜನೆ ಅದನ್ನು ರೈತರ ಹೊಲಗಳಿಗೂ ತಂದಿತು.

ಊರಿಗೆ ಉರುವಲು, ಮೇವು, ಸಣ್ಣ ಮರ ಒದಗಿಸುವುದು ಆ ಯೋಜನೆಯ ಘೋಷಿತ ಉದ್ದೇಶವಾಗಿತ್ತು. ಆದರೆ ವಿತರಣೆಯಾದ ಸಸಿಗಳಲ್ಲಿ ನೀಲಗಿರಿಯದೇ ಸಿಂಹಪಾಲು. ಅದರ ಎಲೆಯನ್ನು ದನ ತಿನ್ನುವುದಿಲ್ಲವಾದ್ದರಿಂದ ಕಾವಲು ಬೇಕಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಏಳೆಂಟು ವರ್ಷಕ್ಕೊಮ್ಮೆ ಒಟ್ಟಿಗೆ ಹಣ ಬರುತ್ತದೆ. ಕೂಲಿಯಾಳು ಸಿಗದ, ಮಳೆ ನೆಚ್ಚಲಾಗದ ಹಿಡುವಳಿದಾರನಿಗೆ ಇದು ಸಹಜವಾಗಿಯೇ ಆಕರ್ಷಕವಾಯಿತು. ಮಾಲೂರು, ಕೋಲಾರ ತಾಲ್ಲೂಕುಗಳ ರಾಗಿ ಹೊಲಗಳ ನಡುವೆ ನೀಲಗಿರಿಯ ತೋಪುಗಳು ಎದ್ದವು. ರಾಗಿಯ ನೆಲ ಕುಗ್ಗುವುದರ ಬಗೆಗೆ, ಅಂತರ್ಜಲದ ಬಗೆಗೆ ಆಗ ಎದ್ದ ವಾದವಿವಾದಗಳಲ್ಲಿ ಕೋಲಾರ ಜಿಲ್ಲೆ ರಾಷ್ಟ್ರಮಟ್ಟದಲ್ಲಿ ಉದಾಹರಣೆಯಾಯಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿಗಳನ್ನು ಕಿತ್ತುಹಾಕಿದುದೂ, 1987ರಲ್ಲಿ ಧಾರವಾಡ ಸೀಮೆಯ ಕುಸನೂರಿನಲ್ಲಿ ನಡೆದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೂ ಈ ಚರ್ಚೆಯ ಮುಂದುವರಿಕೆಗಳೇ. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಯುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ನೀರಿನ ಚರ್ಚೆಯ ಗದ್ದಲದಲ್ಲಿ ಬೆಂಕಿಯ ವಿಷಯ ಹಿಂದೆ ಸರಿಯಿತು. ನೀಲಗಿರಿಯ ಎಲೆಯಲ್ಲಿ ಎಣ್ಣೆಯ ಅಂಶವಿದೆ; ಎಲೆಯೂ ಸುಲಿದ ತೊಗಟೆಯೂ ಹೊಂಗೆ, ನೇರಳೆಗಳ ತರಗಿನಷ್ಟು ಬೇಗ ಕೊಳೆಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಈ ಮರ ಬೆಂಕಿಯ ಜೊತೆಗೇ ವಿಕಾಸಗೊಂಡಿದೆ. ಅಲ್ಲಿನ ಮೂಲನಿವಾಸಿಗಳು ತಂಪಿನ ಕಾಲದಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ನೆಲವನ್ನು ಸುಟ್ಟು ತರಗನ್ನು ಮಿತಿಯಲ್ಲಿಡುವ ವಿದ್ಯೆಯನ್ನು ರೂಢಿಸಿಕೊಂಡಿದ್ದರು. ಮರ ಮಾತ್ರ ಸಮುದ್ರ ದಾಟಿ ಬಂತು. ಅದರ ತರಗನ್ನು ನಿಭಾಯಿಸುವ ವಿದ್ಯೆ ಬರಲಿಲ್ಲ. ಕೋಲಾರದಲ್ಲಿ ಆ ಕೊರತೆ ಬಹುಕಾಲ ಬೆಳಕಿಗೆ ಬರಲಿಲ್ಲ, ಏಕೆಂದರೆ ಸೌದೆಗೆ ಗತಿಯಿಲ್ಲದ ಬಡ ಹೆಂಗಸರು ಆ ತರಗನ್ನೇ ಗುಡಿಸಿ ಒಲೆಗೆ ಒಯ್ಯುತ್ತಿದ್ದರು. ಯೋಜನೆಯ ಕಡತಗಳಲ್ಲಿ ಜಾಗವಿಲ್ಲದ ಈ ದುಡಿಮೆಯೇ ನೆಡುತೋಪುಗಳ ಬೆಂಕಿ ತಡೆಯಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಹಂಚು, ಹಾಲು ಮತ್ತು ಒಲೆ

ಕಳೆದ ಐದಾರು ದಶಕಗಳಲ್ಲಿ ಈ ಸೀಮೆಯ ಜನಜೀವನದಲ್ಲಿ ಆದ ಮೂರು ಬದಲಾವಣೆಗಳನ್ನು ಬೆಂಕಿಯ ಚರಿತ್ರೆಯೊಂದಿಗೆ ಜೋಡಿಸಿ ನೋಡಬೇಕಾಗಿದೆ. ಇವು ಅರಣ್ಯ ಇಲಾಖೆಯ ತೀರ್ಮಾನಗಳಲ್ಲ. ಸ್ವತಃ ಪ್ರಗತಿಯ ಲಕ್ಷಣಗಳು.

ಮೊದಲನೆಯದು ಮನೆಯ ಮಾಡು. ಮಾಲೂರು ತನ್ನ ಇಟ್ಟಿಗೆ ಮತ್ತು ಹಂಚಿನ ಉದ್ಯಮಕ್ಕೆ ಹೆಸರಾದ ಊರು. ಗೂಡುಗಳು ಸೌದೆಯನ್ನು ಬೇಡಿದವು. ಅದೇ ಗೂಡಿನಿಂದ ಬಂದ ಹಂಚು ಹುಲ್ಲುಮಾಡನ್ನು ಕೆಳಗಿಳಿಸಿತು. ಮುಂದೆ ತಾರಸಿ ಮನೆ ಬಂದಿತು. ಗುಡ್ಡದ ಹುಲ್ಲನ್ನು ಕೊಯ್ದು ಹೊರೆಕಟ್ಟುವ ಕಾರಣವೇ ಇಲ್ಲವಾಯಿತು. ಎರಡನೆಯದು ಹಾಲು. ರೇಷ್ಮೆ ಮತ್ತು ಹಾಲು ಈ ಜಿಲ್ಲೆಯ ಎರಡು ಕಣ್ಣುಗಳೆಂಬ ಮಾತು ಪ್ರಚಲಿತವಾಗಿದೆ. ಸಹಕಾರ ಸಂಘಗಳ ಬೆಳವಣಿಗೆಯೊಂದಿಗೆ ನಾಟಿ ದನಗಳ ಜಾಗಕ್ಕೆ ಮಿಶ್ರತಳಿಯ ಹಸುಗಳು ಬಂದವು. ಕೊಟ್ಟಿಗೆಯಲ್ಲಿಯೇ ಕಟ್ಟಿ ಹಿಂಡಿ, ಹಸಿಮೇವು ಹಾಕಬೇಕಾದ ಈ ಹಸು ಬಂಡೆಗುಡ್ಡವನ್ನು ಹತ್ತಿ ಮೇಯುವ ಜಾತಿಯಲ್ಲ. ಮೂರನೆಯದು ಅಡುಗೆ ಒಲೆ. ಅಡುಗೆ ಅನಿಲ ಹಳ್ಳಿಗಳಿಗೆ ತಲುಪಿ, ವಿಶೇಷವಾಗಿ 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ನಂತರ, ಹೊಗೆಯ ಒಲೆಯಿಂದ ಹೆಂಗಸರಿಗೆ ಒಂದಿಷ್ಟು ಬಿಡುಗಡೆ ದೊರೆಯಿತು. ಪುಳ್ಳೆ, ತರಗು ಆರಿಸುವ ಅಗತ್ಯ ಕುಗ್ಗಿತು.

ಈ ಮೂರೂ ಸ್ವಾಗತಾರ್ಹವಾದ ಬದಲಾವಣೆಗಳು. ಯಾರೂ ಹುಲ್ಲುಮಾಡಿಗೆ, ಹೊಗೆಯ ಒಲೆಗೆ ಮರಳಬೇಕೆಂದು ಹೇಳಲಾರರು. ಆದರೆ ಇವುಗಳ ಒಟ್ಟು ಫಲವಾಗಿ ಹುಲ್ಲು ಮತ್ತು ತರಗು ಬೆಲೆಯಿಲ್ಲದ ವಸ್ತುಗಳಾದವು. ಹಿಂದೆ ಊರು ತೆಗೆಯುತ್ತಿದ್ದುದನ್ನು ಈಗ ಯಾರೂ ತೆಗೆಯುವುದಿಲ್ಲ. ತೆಗೆಯಬೇಕೆಂಬ ಹೊಣೆಯನ್ನು ಯಾವ ಇಲಾಖೆಯೂ ಪೂರ್ಣವಾಗಿ ವಹಿಸಿಕೊಂಡಿಲ್ಲ. ಈ ತೆರವಿನಲ್ಲಿ ಲಂಟಾನ, ಬಳ್ಳಾರಿ ಜಾಲಿಯಂತಹ ಹೊರಗಿನ ಪೊದೆಗಳು ನೆಲೆಯೂರಿದವು. ಹುಲ್ಲಿನ ಬೆಂಕಿ ಮೊಣಕಾಲೆತ್ತರದಲ್ಲಿ ಓಡಿ ಬೇಗ ತಣಿಯುತ್ತದೆ. ಲಂಟಾನದ ಪೊದೆಗೆ ತಗುಲಿದ ಬೆಂಕಿ ಅದನ್ನೇ ಏಣಿಯಾಗಿಸಿಕೊಂಡು ಮರದ ಕೊಂಬೆಗೆ ಏರುತ್ತದೆ. ಹೆಚ್ಚು ಹೊತ್ತು, ಹೆಚ್ಚು ಕಾವಿನಿಂದ ಉರಿಯುತ್ತದೆ.

ಬಿಳಿಗಿರಿರಂಗನ ಬೆಟ್ಟ ಮತ್ತು ಬಂಡೀಪುರದ ನಿದರ್ಶನಗಳು

ಕೋಲಾರದ ಕುರುಚಲು ಕಾಡುಗಳ ಬೆಂಕಿಯ ಕುರಿತು ನಡೆದಿರುವ ಅಧ್ಯಯನಗಳು ವಿರಳ. ಆದ್ದರಿಂದ ನಿರ್ವಹಣೆ ಮತ್ತು ಬೆಂಕಿಯ ಸಂಬಂಧವನ್ನು ಪರಿಶೀಲಿಸಲು ದೀರ್ಘಕಾಲದ ಸಂಶೋಧನೆ ನಡೆದಿರುವ ಚಾಮರಾಜನಗರ ಜಿಲ್ಲೆಯ ಕಾಡುಗಳತ್ತ ನೋಡಬೇಕಾಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ, ‘ತರಗು ಬೆಂಕಿ’ ಇಡುವ ಪದ್ಧತಿ ಹೊಂದಿದ್ದರು. 1974ರಲ್ಲಿ ಆ ಪ್ರದೇಶ ವನ್ಯಜೀವಿಧಾಮವೆಂದು ಘೋಷಿತವಾದ ನಂತರ ಕಾಡಿನೊಳಗಿನ ಬೇಸಾಯದೊಂದಿಗೆ ಬೆಂಕಿ ಇಡುವುದೂ ನಿಂತಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಪರಿಶೀಲಿಸಿದ ತಾಕುಗಳನ್ನು 2008ರಲ್ಲಿ ಮತ್ತೆ ಪರಿಶೀಲಿಸಿದಾಗ ಲಂಟಾನ ಇದ್ದ ತಾಕುಗಳ ಪ್ರಮಾಣ ಸುಮಾರು ಇಮ್ಮಡಿಯಾಗಿದ್ದುದು ಕಂಡುಬಂತು. ನೆಲ್ಲಿಯ ಮರಗಳಿಗೆ ಹತ್ತುವ ಬಂದಳಿಕೆಯನ್ನು ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಹಿಂದಿನ ಬೆಂಕಿ ಅದನ್ನು ಹತೋಟಿಯಲ್ಲಿಟ್ಟಿತ್ತು, ಬೆಂಕಿ ನಿಂತ ಮೇಲೆ ಅದು ಹೆಚ್ಚಿತು ಎಂಬುದು ಅವರ ವಿವರಣೆ. ಈ ವಿವರಣೆಯನ್ನು ವಿಜ್ಞಾನಿಗಳು ಗಂಭೀರವಾಗಿ ಪರಿಗಣಿಸಿ ಪರೀಕ್ಷಿಸಿದ್ದಾರೆ. ಬೆಂಕಿಯ ನಿಷೇಧವೊಂದೇ ಲಂಟಾನದ ಹಬ್ಬುವಿಕೆಗೆ ಕಾರಣವೆಂದು ಹೇಳಲಾಗದು. ಆದರೆ ನಿಷೇಧ ಬೆಂಕಿಯನ್ನು ಇಲ್ಲವಾಗಿಸಲಿಲ್ಲ, ಅದರ ಕಾಲವನ್ನೂ ಕಾವನ್ನೂ ಬದಲಿಸಿತು ಎಂಬುದು ಸ್ಪಷ್ಟ. ತೇವದ ಕಾಲದ ತಣ್ಣನೆಯ ಬೆಂಕಿಯ ಜಾಗಕ್ಕೆ ಮಾರ್ಚಿಯ ಬಿಸಿ ಬೆಂಕಿ ಬಂದಿತು. 2006ರ ಅರಣ್ಯ ಹಕ್ಕು ಕಾಯಿದೆಯ ಅಡಿಯಲ್ಲಿ 2011ರಲ್ಲಿ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಹೀಗಾಗಿ ಕಾಡಿನ ನಿರ್ವಹಣೆಯಲ್ಲಿ ಅವರ ತಿಳಿವಳಿಕೆಯ ಸ್ಥಾನವೇನೆಂಬ ಪ್ರಶ್ನೆ ಶೈಕ್ಷಣಿಕ ಚರ್ಚೆಯಾಗಿಯಷ್ಟೇ ಉಳಿದಿಲ್ಲ.

ಬಂಡೀಪುರದ 2019ರ ಬೆಂಕಿ ಹವಾಮಾನದ ಪಾತ್ರವನ್ನು ತೋರಿಸುತ್ತದೆ. 2018ರ ಮುಂಗಾರು ದಕ್ಷಿಣದ ಘಟ್ಟಪ್ರದೇಶದಲ್ಲಿ ಭರ್ಜರಿಯಾಗಿತ್ತು; ಕೊಡಗಿನಲ್ಲಿ ಪ್ರವಾಹ, ಭೂಕುಸಿತಗಳಾದುದು ಆ ವರ್ಷವೇ. ಅನಂತರದ ಹಿಂಗಾರು ಕೈಕೊಟ್ಟಿತು. ಹುಲ್ಲು ಎತ್ತರ ಬೆಳೆದು ಬೇಗ ಒಣಗಿತು. ಅದರ ಕೆಳಗೆ ಲಂಟಾನದ ಪೊದೆಗಳಿದ್ದವು. 2019ರ ಫೆಬ್ರುವರಿಯ ಮೂರನೆಯ ವಾರದ ಕೊನೆಗೆ ಹೊತ್ತಿದ ಬೆಂಕಿ ಗಾಳಿಯೊಂದಿಗೆ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹರಡಿತು. ಉಪಗ್ರಹ ಚಿತ್ರಗಳ ಆಧಾರದ ಅಂದಾಜಿನಂತೆ ಸುಮಾರು 4,400 ಹೆಕ್ಟೇರ್ ಪ್ರದೇಶ ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳಿಂದ ನೀರು ಸುರಿಯಬೇಕಾಯಿತು. 2017ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕನೊಬ್ಬ ಪ್ರಾಣ ತೆತ್ತಿದ್ದ. ಕಾಡಿನಲ್ಲಿ ವರ್ಷಗಟ್ಟಲೆ ಕೂಡಿಬಿದ್ದ ತರಗಿನ ಲೆಕ್ಕವನ್ನು ಕೊನೆಗೆ ತೀರಿಸಬೇಕಾದವರು ಕೈಯಲ್ಲಿ ಸೊಪ್ಪು ಹಿಡಿದ ಕೆಳಹಂತದ ನೌಕರರು ಎಂಬುದನ್ನು ಆ ಸಾವು ನೆನಪಿಸುತ್ತದೆ.

ಬಿಸಿಯಾಗುತ್ತಿರುವ ಹವೆ

ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ 1901ರಿಂದ 2018ರ ನಡುವೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಅಷ್ಟರಮಟ್ಟಿಗೆ ಅದು ಎಲೆ, ಹುಲ್ಲು, ಮಣ್ಣುಗಳಿಂದ ತೇವವನ್ನು ಹೀರಿಕೊಳ್ಳುತ್ತದೆ. ಮಳೆಯ ಒಟ್ಟು ಪ್ರಮಾಣ ಬದಲಾಗದಿದ್ದರೂ ತರಗು ಬೇಗ ಒಣಗುತ್ತದೆ, ಬೆಂಕಿಯ ಕಾಲ ಹಿಗ್ಗುತ್ತದೆ. ಮಳೆಯೂ ನೆಚ್ಚುವಂತಿಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಒಂದು ವರ್ಷ ಅತಿವೃಷ್ಟಿ, ಮರುವರ್ಷ ಬರ ಎಂಬ ಏರಿಳಿತವೇ ಒಣಕಾಡಿಗೆ ಅತ್ಯಂತ ಅಪಾಯಕಾರಿ: ಒಂದು ವರ್ಷ ಇಂಧನ ಬೆಳೆಯುತ್ತದೆ, ಇನ್ನೊಂದು ವರ್ಷ ಅದು ಒಣಗುತ್ತದೆ.

ಈ ಸನ್ನಿವೇಶದಲ್ಲಿ ಹವಾಮಾನವನ್ನೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವ ಪ್ರವೃತ್ತಿಯೂ ಕಾಣಿಸುತ್ತದೆ. ಇದು ಕಿಡಿಗೇಡಿಯ ವಾದದ ಇನ್ನೊಂದು ಮುಖ ಮಾತ್ರ. ಒಂದು ವಾದ ಹೊಣೆಯನ್ನು ಅನಾಮಧೇಯ ವ್ಯಕ್ತಿಯ ಮೇಲೆ ಹೊರಿಸಿದರೆ, ಇನ್ನೊಂದು ಆಕಾಶದ ಮೇಲೆ ಹೊರಿಸುತ್ತದೆ. ಎರಡರ ನಡುವೆ ಇರುವ ನೆಲ, ಅದರ ನಿರ್ವಹಣೆ ಎರಡರಲ್ಲಿಯೂ ಮರೆಯಾಗುತ್ತದೆ.

ಸಮಾರೋಪ

ಮೇಲಿನ ಅವಲೋಕನದಿಂದ ಕೆಲವು ಮಾತುಗಳನ್ನು ಹೇಳಬಹುದು. ಕೋಲಾರ ಸೀಮೆಯ ಗುಡ್ಡಗಳ ಮೇಲೆ ರೈಲು ಮತ್ತು ಗಣಿಯ ಕಾಲದಲ್ಲಿ ಮರ ಕಡಿಮೆಯಾಯಿತು. ಕಾನೂನಿನ ಕಾಲದಲ್ಲಿ ಊರಿನ ಬಳಕೆ ಅಪರಾಧದ ಅಂಚಿಗೆ ಸರಿಯಿತು. ನೀಲಗಿರಿಯ ಕಾಲದಲ್ಲಿ ಬೇಗ ಉರಿಯುವ ತರಗು ಹೆಚ್ಚಿತು. ಹಾಲು, ಹಂಚು, ಅನಿಲದ ಕಾಲದಲ್ಲಿ ಅದನ್ನು ತೆಗೆಯುವ ಕೈಗಳು ಇಲ್ಲವಾದವು. ಬಿಸಿಯಾಗುತ್ತಿರುವ ಹವೆ ಈ ನಾಲ್ಕು ಪದರಗಳ ಮೇಲೆ ಐದನೆಯದಾಗಿ ಬಂದು ಕೂತಿದೆ.

ಪರಿಹಾರವೆಂದರೆ ಎಲ್ಲೆಡೆ ಬೆಂಕಿ ಇಡುವುದಲ್ಲ. ಬಿಳಿಗಿರಿರಂಗನ ಬೆಟ್ಟದ ವಿಸ್ತಾರವಾದ ಕಾಡಿಗೆ ಹೊಂದಿದ್ದು ಅಂತರಗಂಗೆಯ ಸಣ್ಣ ಕುರುಚಲಿಗೆ ಹೊಂದಬೇಕೆಂದಿಲ್ಲ. ವರ್ಷವರ್ಷ ಸುಡುವ ಈ ಗುಡ್ಡಗಳಿಗೆ ಸಸಿ ಬೆಳೆಯುವಷ್ಟು ಬಿಡುವೂ ಬೇಕು. ಇಲಾಖೆ ಬೇಸಿಗೆಗೆ ಮುನ್ನ ಬೆಂಕಿರೇಖೆಗಳನ್ನು ಬಿಡಿಸುತ್ತದೆ, ಕಾವಲುಗಾರರನ್ನು ನೇಮಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದ ನೆರವಿನಿಂದ ಬೆಂಕಿಯ ಮುನ್ಸೂಚನೆ, ಸೂಚನೆಗಳ ವ್ಯವಸ್ಥೆಯನ್ನು ಬೆಳೆಸುತ್ತ ಬಂದಿದೆ. ಇವು ಅಗತ್ಯವೇ. ಆದರೆ ಉಪಗ್ರಹ ತೋರಿಸುವುದು ಹೊತ್ತಿದ ಬೆಂಕಿಯನ್ನು. ಹೊತ್ತಲಿರುವ ತರಗನ್ನು ಬಲ್ಲವರು ಆ ಗುಡ್ಡದ ಬುಡದಲ್ಲಿ ಬದುಕುವವರು. ಹುಲ್ಲು ಕೊಯ್ಲಿನ ಹಕ್ಕು ಮತ್ತು ಅದಕ್ಕೆ ತಕ್ಕ ಕೂಲಿ, ನೀಲಗಿರಿಯ ಜಾಗದಲ್ಲಿ ಹೊಂಗೆ, ನೇರಳೆ, ಹುಣಿಸೆಗಳ ಮರುನೆಡುವಿಕೆ, ಲಂಟಾನದ ತೆರವು ಇವುಗಳನ್ನು ಊರಿನ ಕೆಲಸವನ್ನಾಗಿಸಲು 1993ರಲ್ಲಿ ರಾಜ್ಯದಲ್ಲಿ ಆರಂಭವಾದ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಚೌಕಟ್ಟು ಒಂದು ಆಧಾರವಾಗಬಲ್ಲದು.

ಕಿಡಿ ಒಂದು ಕ್ಷಣದ ಸಂಗತಿ. ತರಗು ದಶಕಗಳ ಸಂಗತಿ. ಬೇಸಿಗೆಯ ರಾತ್ರಿ ಕೋಲಾರದ ಬೆಟ್ಟದ ಮೇಲೆ ಏರುವ ಬೆಂಕಿಯ ಗೆರೆಯನ್ನು ಯಾರೋ ಒಬ್ಬನ ಕುಚೇಷ್ಟೆಯೆಂದಷ್ಟೇ ಓದಿದರೆ ಅದರ ಹಿಂದಿರುವ ನೂರರವತ್ತು ವರ್ಷಗಳ ನಿರ್ಧಾರಗಳು ದಾಖಲಾಗದೆ ಉಳಿಯುತ್ತವೆ, ಮರುವರ್ಷ ಅದೇ ಗುಡ್ಡ ಮತ್ತೆ ಉರಿಯುತ್ತದೆ.